ಮಕ್ಕಳ ಸಾಲಿನಿಂದ ತೆಗೆದ ಪುಟ

ಗೋಡೆಗೆ ಅಂಟಿಸಿದ ಹಳದಿ ಚೀಟಿಯೊಂದು ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿದೆ, ಇನ್ನೇನು ಬೀಳುತ್ತದೆ, ಬೀಳಲಿ ಬಿಡು, ಆಸ್ಪತ್ರೆಯ ಜಾಲತಾಣದ ಒಂದೊಂದು ಪುಟಕ್ಕೂ ಒಂದೊಂದು ಚೀಟಿ ಬರೆದು, ಯಾವುದು ಯಾರ ಮಗ್ಗುಲಿಗೆ ಕೂರಬೇಕೆಂದು ಹೊಂದಿಸಿದವಳು ಅವಳೇ, ವರ್ಷಗಟ್ಟಲೆ ಕಂಡಕಂಡವರು ತಂದು ಸುರಿದ ಪುಟಗಳು, ಬೇಕಾದ್ದು ಸಿಕ್ಕದೆ ರೋಗಿಗಳು ಶಾಪ ಹಾಕುತ್ತಿದ್ದರು, ಈಗ ಗುಡಿಸಿದ ಅಂಗಳದ ಹಾಗಿದೆ ಕಣಮ್ಮ ಎಂದು ಮೇಲಧಿಕಾರಿ ನಿನ್ನೆ ತಾನೇ ಹೊಗಳಿದ್ದರು, ಭಾವ ಮಾತ್ರ ಅಕ್ಕನ ಮುಂದೆ ನಗುತ್ತಾನೆ, ನಿನ್ ತಂಗಿ ಡಬ್ಬಿ ಜೋಡಿಸಿಟ್ರೆ ಸಕ್ಕರೆ ಹುಡುಕೋಕೂ ನಕ್ಷೆ ಬೇಕು ಕಣೇ — ಮೊಬೈಲು ಗುರ್ರೆಂದಿತು, ಅಕ್ಕನ ಸಂದೇಶ, ಗುಂಡನ ಮೈ ಕೆಂಡ ಆಗಿದೆ ಕಣೇ, ಡಾಕ್ಟರು ಫೋನ್ ಎತ್ತಲಿಲ್ಲ, ನಿಮ್ ಆಸ್ಪತ್ರೆದು ಆ ಮಕ್ಕಳ ಪುಟ ಉಳಿಸಿಟ್ಕೊಂಡಿದ್ನಲ್ಲ, ಅದನ್ನೇ ತೆಗೆದೆ, ಎಷ್ಟು ಚೊಕ್ಕ ಮಾಡಿದೀಯ, ಔಷಧಿ ಕೊಡ್ತೀನಿ ಈಗ. ಅವಳ ಮುಖದಲ್ಲಿ ನಗು ಅರಳಿತು, ಅರಳಿದ್ದು ಅಲ್ಲೇ ಒಣಗಿತು, ಮಕ್ಕಳ ಪುಟ, ಯಾವ ಮಕ್ಕಳ ಪುಟ?

ಜ್ವರ ಬಂದಾಗ, ಜ್ವರ ಬಂದಾಗ, ಒಂದೇ ಹೆಸರಿನ ಎರಡು ಚೀಟಿ, ಅವಳಿ ಎಂದುಕೊಂಡು ಒಂದನ್ನು ಹರಿದಿದ್ದಳು, ಅದರ ವಿಳಾಸ ಹಿಡಿದು ಬಂದವರು ಇನ್ನೊಂದಕ್ಕೆ ಹೋಗಲೆಂದು ಇವತ್ತು ಬೆಳಿಗ್ಗೆ ದಾರಿ ತಿರುಗಿಸಿದ್ದಳು, ಹರಿದದ್ದು ಮಕ್ಕಳ ವಿಭಾಗದ ಸಾಲಿನಲ್ಲಿ ಕೂತಿತ್ತಲ್ಲವೇ, ಅದಕ್ಕೇ ಅದರ ಹಣೆಯ ಮೇಲೆ ಮಕ್ಕಳಿಗೆ ಎಂದು ಯಾರೂ ಬರೆದಿರಲಿಲ್ಲ, ಮನೆಯೊಳಗೆ ಇರುವಷ್ಟು ದಿನ ಯಾರ ಮಗು ಎಂದು ಯಾರು ಕೇಳುತ್ತಾರೆ, ಅವಳು ಅದನ್ನು ಸಾಲಿನಿಂದ ಎತ್ತಿದಳು, ಆ ಕ್ಷಣವೇ ಅದು ಯಾರದೂ ಅಲ್ಲವಾಯಿತು, ಈಗ ಅಕ್ಕನ ಕೈಯಲ್ಲಿ ತೆರೆದಿರುವುದು ದೊಡ್ಡವರ ಪುಟ, ದೊಡ್ಡವರ ಅಳತೆ, ನಾಲ್ಕು ಚಮಚ, ಮಗುವಿಗಾದರೆ ಅರ್ಧ, ಅರ್ಧ ಚಮಚ, ನೀನು ಮಾಡಿದ್ದು ಅಂದ್ರೆ ನಾನು ಕಣ್ಣು ಮುಚ್ಚಿ ನಂಬ್ತೀನಿ ಅನ್ನುವವಳು ಅಕ್ಕ, ಎತ್ತು, ಫೋನ್ ಎತ್ತು, ರಿಂಗಾಗುತ್ತಲೇ ಇದೆ, ಪಕ್ಕದ ಕುರ್ಚಿಯವಳು ಊಟಕ್ಕೆ ಬರಲ್ವೇನೇ ಅನ್ನುತ್ತಾಳೆ, ಬೆಳಗಿನಿಂದ ಇನ್ನೆಷ್ಟು ತಾಯಂದಿರು ಆ ದಾರಿ ಹಿಡಿದರೋ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ತಿರುಗಿಸಿದ ದಾರಿಯನ್ನು ಅಳಿಸುತ್ತಿದೆ, ಭಗವಂತ, ನನ್ನ ಜಾಣತನ ನನ್ನಲ್ಲೇ ಇರಲಿ, ಆ ಮಗುವಿನ ಗಂಟಲಿಗೆ ಇಳಿಯದಿರಲಿ, ಹಾಲಿಗೂ ಮುಖ ತಿರುಗಿಸುವ ಹುಡುಗ ಅವನು, ತಂದೆ, ಈಗಲೂ ತಿರುಗಿಸಲಿ, ಚಮಚ ಕಂಡರೆ ತುಟಿ ಬಿಗಿಯುತ್ತಾನಲ್ಲ, ಬಿಗಿಯಲಿ, ತಟ್ಟಿಬಿಡಲಿ, ಚೆಲ್ಲಲಿ ಚಮಚ — ಫೋನ್ ಎತ್ತಿದಳು, ಅಕ್ಕ, ಔಷಧಿ ಕೊಟ್ಯಾ? ತಾಳೇ ಮಾರಾಯ್ತಿ, ಇವತ್ತು ಹಠಾನೇ ಮಾಡಲಿಲ್ಲ ನನ್ ಬಂಗಾರ, ಇನ್ನೊಂದೇ ಉಳಿದಿರೋದು, ಆ ಅನ್ನು ಕಂದ, ಆ — ಅವಳ ನಾಲಿಗೆಗೆ ಬೇಡ ಎಂಬ ಮಾತು ಬಂದಿದೆ, ಬಂದು ಅಲ್ಲೇ ಕೂತಿದೆ, ಅಲ್ಲಿ ಪುಟ್ಟ ಬಾಯಿ ತೆರೆದಿದೆ, ಅದರ ಮುಂದೆ ತುಂಬಿದ ಚಮಚ, ತುಳುಕದೆ, ಅಂಚಿನವರೆಗೂ ತುಂಬಿದ ಚಮಚ, ಚಮಚ