ಅತ್ತೆಯ ದನಿ

ಶುವಾಯಿ ಸತ್ತ ಅತ್ತೆಯ ನೀಲಿ ಅಂಗಿ ತೊಟ್ಟು, ತಲೆಗೆ ಅವರದೇ ವಸ್ತ್ರ ಬಿಗಿದು, ಸೊಂಟ ಹಿಡಿದು ಕುಂಟುತ್ತ ಅಂಗಳಕ್ಕಿಳಿದಳು. "ಯಾವಳೇ ಅವಳು, ನನ್ನ ಶೇಂಗಾ ಹೊಲಕ್ಕೆ ಮೇಕೆ ಬಿಟ್ಟೋಳು?" ಎಂದು ಗದರಿದ್ದೇ ತಡ, ಅಳುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಕಡೆ ಸಾವಿನ ಮನೆಯಲ್ಲಿ ಸತ್ತವರನ್ನು ಅಣಕಿಸಿ ನಗಿಸುವುದು ಸೊಸೆಯಂದಿರ ಹಕ್ಕು. ಅದರಲ್ಲಿ ಅತ್ತೆ ರವೀರೊ ಅವರೇ ಒಂದು ಕಾಲದಲ್ಲಿ ಎತ್ತಿದ ಕೈ.

"ನಮ್ಮತ್ತಿಗೇನೇ ಎದ್ದು ಬಂದಂಗಾಯ್ತಲ್ಲೇ!" ಗಂಡನ ಸೋದರತ್ತೆ ಕೆಟಾಯಿ ಕಣ್ಣೊರೆಸಿಕೊಂಡಳು. ಮರುಕ್ಷಣವೇ ದನಿ ತಗ್ಗಿಸಿದಳು. "ಪೆಟ್ಟಿಗೆ ಎತ್ತೋ ಹೊತ್ತಾಯ್ತು. ನಿನ್ ಗಂಡ ಗ್ವಿನ್ಯಾಯಿ ಎಲ್ಲಿ? ಹಿರೀಮಗ ಮೊದಲ ಹಿಡಿ ಮಣ್ಣು ಹಾಕ್ದೆ ಗುಂಡಿ ಮುಚ್ಚೋ ಹಂಗಿಲ್ಲ."

"ಕೈ ತೊಳೀತಾ ಇದಾರೆ."

"ಬೆಳಗ್ಗೆಯಿಂದಾನಾ!"

ಊರಿಗೆಲ್ಲ ಅವನು ಬರೀ ಚೊಕ್ಕಟದ ಮನುಷ್ಯ. ಒಳಗಿನ ಪಾಡು ಗೊತ್ತಿದ್ದದ್ದು ಅತ್ತೆಗೆ, ಶುವಾಯಿಗೆ ಮಾತ್ರ.

* * *

"ಇದು ಗೀಳಿನ ಕಾಯಿಲೆ," ಎಂದಿದ್ದರು ಮಸ್ವಿಂಗೊ ಪಟ್ಟಣದ ಡಾಕ್ಟರಮ್ಮ. "ಕೈ ಶುದ್ಧವಾಯ್ತಾ ಅಂತ ಕೇಳಿದ್ರೆ ಹೂಂ ಅನ್ಬೇಡಿ. ಹೂಂ ಅಂದಷ್ಟೂ ಅದು ಬೆಳೆಯುತ್ತೆ."

ಅಂದು ಸಂಜೆ ಅವನು ನಲವತ್ತು ಸಲ ಕೇಳಿದ. ಶುವಾಯಿ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಅವನು ಅಳತೊಡಗಿದಾಗ ಅತ್ತೆ ಚೊಂಬು ಹಿಡಿದು ಓಡಿ ಬಂದರು. ನೀರು ಹೊಯ್ದು, "ಹೋಯ್ತು ಕಣಪ್ಪ, ಎಲ್ಲಾ ಹೋಯ್ತು," ಎಂದರು.

"ನೀವೇ ಅವರನ್ನ ಹಾಳು ಮಾಡ್ತಿರೋದು!"

"ಡಾಕ್ಟ್ರಮ್ಮಂಗೇನು, ಹೇಳಿ ಮನೆಗೆ ಹೋದ್ಲು. ಈ ಅಳು ಕೇಳೋಳು ನಾನು."

ಆಮೇಲೆ ಅವರಿಬ್ಬರ ನಡುವೆ ಉಪ್ಪು, ಸೌದೆಯ ಮಾತಷ್ಟೇ ಉಳಿಯಿತು. ಕೊನೆಗೆ ಅತ್ತೆ ಮೂರು ವಾರ ಆಸ್ಪತ್ರೆಯಲ್ಲಿದ್ದಾಗ ಶುವಾಯಿ ಒಮ್ಮೆಯೂ ಹೂಂ ಅನ್ನಲಿಲ್ಲ. ಅವನು ಕೇಳುವುದು ನಲವತ್ತರಿಂದ ಹತ್ತು ಸಲಕ್ಕಿಳಿಯಿತು. ಅದನ್ನು ಅತ್ತೆಗೆ ಹೇಳಬೇಕೆಂದಿದ್ದಳು, ಅಷ್ಟರಲ್ಲಿ ಅವರು ತೀರಿಕೊಂಡರು. ಆ ಸಂಕಟ ಅವಳನ್ನು ಇನ್ನೂ ಹಿಂಡುತ್ತಿತ್ತು.

* * *

ಹಿತ್ತಲಿನ ನೀರಿನ ಪೀಪಾಯಿಯ ಬಳಿ ಗ್ವಿನ್ಯಾಯಿ ಕೈ ಉಜ್ಜುತ್ತಿದ್ದ. ಬೆರಳ ಸಂದಿಯಲ್ಲಿ ರಕ್ತ ಒಸರುತ್ತಿತ್ತು.

"ಅವ್ವನ್ನ ಮುಟ್ಟಿದ್ದೆ. ಮಕ್ಕಳಿಗೆ ಅಂಟುತ್ತೆ. ಹೋಯ್ತಾ, ಶುವಾಯಿ?"

ಅವಳು ತುಟಿ ಬಿಗಿದು ನಿಂತಳು. ಅಂಗಳದಲ್ಲಿ ಪೆಟ್ಟಿಗೆ ಎತ್ತುವ ಹಾಡು ಶುರುವಾಯಿತು.

"ಬರ್ತಾನೋ ಇಲ್ವೋ?" ಕೆಟಾಯಿ ಕೂಗಿದಳು. "ತಮ್ಮನ ಕೈಲೇ ಮಣ್ಣು ಹಾಕಿಸ್ಲಾ?"

ಗ್ವಿನ್ಯಾಯಿ ಕುಸಿದು ಕುಳಿತ. "ನನ್ನವ್ವ ಕಣೇ ಅದು. ಒಂದೇ ಒಂದ್ಸಲ ಹೇಳು."

ಮೂರು ವಾರದ ಪಾಡೆಲ್ಲ ನೀರುಪಾಲಾಗುತ್ತದೆಂದು ಶುವಾಯಿಗೆ ಗೊತ್ತಿತ್ತು. ತಾಯಿಯ ಗುಂಡಿಗೆ ಮಣ್ಣು ಹಾಕದೆ ಉಳಿದರೆ ಅವನು ಬದುಕಿಡೀ ಕೊರಗುತ್ತಾನೆಂದೂ ಗೊತ್ತಿತ್ತು. ಚೊಂಬು ಎತ್ತಿ ನೀರು ಹೊಯ್ದಳು.

"ಹೋಯ್ತು ಕಣಪ್ಪ," ಎಂದಳು. ಬಂದದ್ದು ಅತ್ತೆಯ ಒಡಕು ದನಿ. "ಎಲ್ಲಾ ಹೋಯ್ತು."

ಅವನು ಬೆಚ್ಚಿ ತಲೆಯೆತ್ತಿದ. ನೀಲಿ ಅಂಗಿಯನ್ನೇ ನೋಡಿದ. ಎದ್ದು ಹೊರಟ.

ಗುಂಡಿಯ ಬಳಿ ಗ್ವಿನ್ಯಾಯಿ ಬಾಗಿ, ಬರಿಗೈಯಲ್ಲಿ ಕೆಮ್ಮಣ್ಣು ತೆಗೆದು ಪೆಟ್ಟಿಗೆಯ ಮೇಲೆ ಹಾಕಿದ. ಮರುಕ್ಷಣವೇ ತಿರುಗಿ, ಜನರನ್ನು ಸರಿಸಿಕೊಂಡು ನೇರ ಶುವಾಯಿಯ ಮುಂದೆ ಬಂದು, ಮಣ್ಣಾದ ಎರಡೂ ಕೈ ಚಾಚಿ ನಿಂತ.

"ಹೋಯ್ತಾ, ಅವ್ವಾ?"

ಅಣಕ ಇನ್ನೂ ಮುಗಿದಿಲ್ಲವೆಂದುಕೊಂಡ ಉಳಿದ ಸೊಸೆಯಂದಿರು ಗೊಳ್ಳನೆ ನಕ್ಕು ಚಪ್ಪಾಳೆ ತಟ್ಟಿದರು.