ಅಳು ನಿಂತರೆ ವಾಸಿಯಾದಂತಲ್ಲ

ಎಂಟು ವರ್ಷದ ಆ ಹುಡುಗಿಗೆ ಎಲ್ಲವೂ ಜಾಸ್ತಿ. ಪಾತ್ರೆ ಬಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅಂಗಿಯ ಕೊರಳಿನ ಚೀಟಿ ಚುಚ್ಚುತ್ತದೆಂದು ಅಳುತ್ತಿದ್ದಳು. ಟೀಚರು ಪಕ್ಕದ ಮಗುವಿಗೆ ಬೈದರೆ ಇವಳ ಊಟದ ಡಬ್ಬಿ ಹಾಗೇ ವಾಪಸು ಬರುತ್ತಿತ್ತು. ನೆಂಟರು ಅವಳಿಗೆ ‘ಮುಟ್ಟಿದರೆ ಮುನಿ’ ಎಂದು ಹೆಸರಿಟ್ಟು ನಗುತ್ತಿದ್ದರು.

ಅಪ್ಪನದು ವೆಲ್ಡಿಂಗ್ ಶಾಪು. ಅಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಕೆಲಸಕ್ಕೆ ಸೇರಿದವನು ಮೊದಲ ಎಂಟು ದಿನ ಕಬ್ಬಿಣ ಕತ್ತರಿಸುವ ಮಿಷನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂರಬೇಕು. ಕಿವಿಗೆ ಹತ್ತಿ ಇಡುವ ಹಾಗಿಲ್ಲ. ಒಂಬತ್ತನೇ ದಿನ ಅವನು ಬೆಚ್ಚುತ್ತಿರಲಿಲ್ಲ. ಇದಕ್ಕೆ ಅವರು ‘ಒಗ್ಗಿಸೋದು’ ಅನ್ನುತ್ತಿದ್ದರು. ಅಪ್ಪ ಮಗಳನ್ನೂ ಒಗ್ಗಿಸತೊಡಗಿದ. ಶಾಲೆ ಬಿಟ್ಟ ಮೇಲೆ ದಿನಾ ಅರ್ಧ ಗಂಟೆ. ಅತ್ತರೆ ಇನ್ನೂ ಹತ್ತು ನಿಮಿಷ. ಮೂರು ವಾರದಲ್ಲಿ ಹುಡುಗಿಯ ಅಳು ನಿಂತಿತು. ಮಾತೂ ಹೆಚ್ಚುಕಡಿಮೆ ನಿಂತಿತು. ಅಪ್ಪ ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿದ.

ಒಂದು ಸಂಜೆ, ಶಾಪಿಗೆ ಹೋಗುವ ಮುಂಚೆ, ಮಗಳ ಮೈ ತೊಳೆಯಲೆಂದು ಅಮ್ಮ ಅಂಗಿ ಬಿಚ್ಚಿದಳು. ಎಡತೋಳಿನ ಒಳಭಾಗದಲ್ಲಿ ಹಲ್ಲಿನ ಗುರುತು. ಒಂದಲ್ಲ, ಏಳೆಂಟು. ಕೆಲವು ಇನ್ನೂ ಕೆಂಪು, ಕೆಲವು ಹಳತಾಗಿ ಹಳದಿ.

ಅಮ್ಮ ಒದ್ದೆ ಕೈಯಲ್ಲೇ ನಡುಮನೆಗೆ ಬಂದಳು. ಗಂಡ ಟೀ ಕುಡಿಯುತ್ತಿದ್ದ. ತಿಂಗಳಿಗೊಮ್ಮೆ ಬರುವ ಆರೋಗ್ಯ ಕೇಂದ್ರದ ಸಿಸ್ಟರು ಅತ್ತೆಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಿದ್ದರು.

“ಮಗಳ ತೋಳು ನೋಡಿದ್ದೀರೇನ್ರೀ?”

“ಯಾಕೆ, ನಾಯಿ ಗೀಯಿ ಕಚ್ಚಿತಾ?”

“ನಾಯಿ ಅಲ್ಲ, ಅವಳೇ ಕಚ್ಕೊಂಡಿದ್ದಾಳೆ. ನಿಮ್ಮ ಸ್ಟೂಲ್ ಮೇಲೆ ಕೂತು, ಅಳು ಹೊರಗೆ ಬರದೇ ಇರಲಿ ಅಂತ!”

ಗಂಡ ಲೋಟ ಕೆಳಗಿಟ್ಟ. “ಅಳೋದು ನಿಲ್ತು ತಾನೇ? ಇವತ್ತಿಂದ ಒಂದು ಗಂಟೆ ಕೂರಿಸ್ತೀನಿ. ಪೂರ್ತಿ ಸರಿಹೋಗ್ತಾಳೆ.”

“ಅವಳು ಇವತ್ತು ಆ ಶಾಪಿನ ಹೊಸ್ತಿಲು ತುಳಿದ್ರೆ, ಅವಳನ್ನ ಕರ್ಕೊಂಡು ನಾನು ಈ ಮನೆ ಹೊಸ್ತಿಲು ದಾಟ್ತೀನಿ.”

ಸಿಸ್ಟರು ಬಾಯಿ ಹಾಕಿದರು. “ಅಣ್ಣಾ, ನಿಮ್ಮ ಕೆಲಸಗಾರರ ಕಿವಿ ಒಗ್ಗಿಲ್ಲ, ಕೆಟ್ಟಿದೆ. ನಿಮ್ಮ ಹಳೇ ಫಿಟ್ಟರಿಗೆ ಯಾವ ಮಾತನ್ನೂ ಎರಡು ಸಲ ಕೂಗಿ ಹೇಳ್ಬೇಕು. ಯಾಕೆ ಅಂತ ಯೋಚಿಸಿದ್ದೀರಾ?”

“ಕಿವಿ ಬಿಡಿ ಸಿಸ್ಟರ್. ಮನಸ್ಸು ಗಟ್ಟಿಯಾಗ್ಬೇಡ್ವಾ? ಇಷ್ಟು ಸೂಕ್ಷ್ಮ ಆದ್ರೆ ಹೇಗೆ ಬದುಕ್ತಾಳೆ?”

“ಸೂಕ್ಷ್ಮ ಸ್ವಭಾವ ರೋಗ ಅಲ್ಲ, ಹಟಾನೂ ಅಲ್ಲ. ಕೆಲವರು ಚಿಕ್ಕಂದಿನಿಂದ ಹಾಗೇ ಇರ್ತಾರೆ. ವಯಸ್ಸಿನ ಜೊತೆ ಸ್ವಲ್ಪ ಏರಬಹುದು, ಇಳೀಬಹುದು. ಹೊಡೆದು ಬಡಿದು ಬುಡಸಮೇತ ಕೀಳೋಕಾಗಲ್ಲ. ಬದಲಾಗೋದು ಅದನ್ನ ಇಟ್ಕೊಂಡು ಬದುಕೋ ರೀತಿ. ಅದನ್ನ ಮನೆಯವರು ಕಲಿಸ್ಬೇಕು.”

“ಸುಮ್ನಿರಿ. ನಾನೂ ಇವಳ ಹಾಗೇ ಇದ್ದೆ. ನಮ್ಮಪ್ಪ ಇದೇ ಥರ ಕೂರಿಸಿ ಸರಿಮಾಡಿದ. ಈಗ ನೋಡಿ ನನ್ನ.”

“ಹತ್ತು ವರ್ಷದಿಂದ ನೋಡ್ತಾನೇ ಇದ್ದೀನಲ್ಲ,” ಎಂದಳು ಹೆಂಡತಿ. “ಚಮಚ ತಟ್ಟೆಗೆ ತಾಗಿ ಸದ್ದಾದ್ರೆ ತಟ್ಟೇನೇ ಎಸೀತೀರ. ಹೊಸ ಅಂಗಿ ತಂದ ತಕ್ಷಣ ಕೊರಳಿನ ಚೀಟಿ ಕೀಳೋಕೆ ಕತ್ತರಿ ಹುಡುಕ್ತೀರ. ನನ್ನ ತಂಗಿ ಮದುವೇಲಿ ಬ್ಯಾಂಡು ಶುರುವಾಗಿದ್ದೇ ಊಟ ಬಿಟ್ಟು ಹೊರಗೆ ನಿಂತಿದ್ದ ಲಾರಿ ಹಿಂದೆ ಹೋಗಿ ಕೂತ್ರಿ. ಇದಾ ಸರಿಹೋಗಿದ್ದು?”

“ಅದು ಸಿಟ್ಟು ಕಣೇ. ನಂಗೆ ಸಿಟ್ಟು ಜಾಸ್ತಿ.”

“ಸಿಟ್ಟಲ್ಲ ಕಣೋ.” ಅತ್ತೆ ತೋಳಿನ ಪಟ್ಟಿಯನ್ನು ತಾವೇ ಕಿತ್ತರು. “ನಿಮ್ಮಪ್ಪ ನಿನ್ನ ಸರಿಮಾಡ್ಲಿಲ್ಲ. ನೀನು ಕೋಳಿಗೂಡಿನ ಹಿಂದೆ ಹೋಗಿ ಬಾಯಿಗೆ ಟವೆಲ್ಲು ತುರುಕ್ಕೊಂಡು ಅಳೋದು ಕಲಿತೆ, ಅಷ್ಟೇ. ನಾನು ನೋಡ್ದೆ. ನೋಡಿ ಒಳಗೆ ಬಂದು ಒಲೆ ಹಚ್ಚಿದೆ.”

“ನಿಂಗೆ ಗೊತ್ತಿತ್ತಾ ಅಮ್ಮಾ?”

“ನಾನೂ ಅದೇ ಜಾತಿಯವಳು ಕಣೋ. ಎಪ್ಪತ್ತೊಂದಾಯ್ತು, ಇವತ್ತಿಗೂ ಬಾಗಿಲು ದಢ್ ಅಂದ್ರೆ ಎದೆ ಝಲ್ಲನ್ನುತ್ತೆ. ಇಪ್ಪತ್ತರಲ್ಲಿ ಹುಚ್ಚು ಹಿಡೀತಿದೆ ಅಂದ್ಕೊಂಡಿದ್ದೆ. ಈಗ ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಕೂತು ಬರ್ತೀನಿ. ಬೆಚ್ಚೋದು ಹೋಗಿಲ್ಲ, ಬೆಚ್ಚಿದ್ದಕ್ಕೆ ನಾಚಿಕೊಳ್ಳೋದು ಹೋಯ್ತು. ಅದಕ್ಕೇ ಐವತ್ತು ವರ್ಷ ಹಿಡೀತು ನಂಗೆ.”

ಸೊಸೆಯ ಸಿಟ್ಟು ಕರಗಲಿಲ್ಲ. “ಇಷ್ಟೆಲ್ಲ ಗೊತ್ತಿದ್ದೂ ಮೂರು ವಾರ ಸುಮ್ಮನಿದ್ರಲ್ಲ ಅತ್ತೆ!” ಎಂದಳು. ದಿನಾ ಸಂಜೆ ತಲೆ ಬಾಚಿ ಮಗಳನ್ನು ಶಾಪಿಗೆ ಕಳಿಸಿದ್ದು ತಾನೇ ಎಂಬುದು ಆಮೇಲೆ ಸೊಸೆಗೆ ನೆನಪಾಯಿತು.

“ಏನು ಮಾಡ್ಬೇಕು ಹೇಳಿ,” ಎಂದ ಗಂಡ, ಯಾರ ಮುಖವನ್ನೂ ನೋಡದೆ.

“ತನ್ನನ್ನ ತಾನೇ ಕಚ್ಕೊಂಡಿರೋದು ಸ್ವಭಾವ ಅಲ್ಲ, ಸಂಕಟ. ಬೆಳಿಗ್ಗೆನೇ ಮಕ್ಕಳ ಡಾಕ್ಟರ ಹತ್ರ ಹೋಗಿ,” ಎಂದರು ಸಿಸ್ಟರು. “ಜೋರು ಸದ್ದು ಆಗೋದಿದ್ರೆ ಮೊದಲೇ ಹೇಳಿ. ಮನೇಲಿ ಅವಳಿಗೊಂದು ಸದ್ದಿಲ್ಲದ ಮೂಲೆ ಕೊಡಿ. ನೆಂಟರ ಬಾಯಿ ಮುಚ್ಚಿಸಿ. ಹಾಗಂತ ಹತ್ತಿಯಲ್ಲಿ ಸುತ್ತಿ ಇಡ್ಬೇಡಿ. ಆಟಕ್ಕೆ, ಜನರ ಮಧ್ಯೆ ಹೋಗ್ಲಿ. ಆದ್ರೆ ಸಾಕು ಅಂದಾಗ ವಾಪಸು ಬರೋಕೆ ಬಿಡಿ.”

ಅಷ್ಟರಲ್ಲಿ ಬಚ್ಚಲ ಬಾಗಿಲು ಸರಿಯಿತು. ಹುಡುಗಿ ತಾನೇ ಫ್ರಾಕು ತೊಟ್ಟು, ಗುಂಡಿ ಹಾಕಿಕೊಂಡು ಬಂದಿದ್ದಳು. ಅಪ್ಪನನ್ನು ನೋಡಿದವಳೇ ಮಾತಿಲ್ಲದೆ ಹೋಗಿ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತಳು. ಶಾಪಿಗೆ ಹೊರಡುವ ಹೊತ್ತಾಗಿತ್ತಲ್ಲ.

ಅಪ್ಪ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ತೋಳು ತಿರುಗಿಸಿ ನೋಡಿದ.

“ಇವತ್ತು ಬೇಡ ಮಗಾ.”

“ನಾಳೆ?”

“ನಾಳೇನೂ ಬೇಡ. ಇನ್ನು ಯಾವತ್ತೂ ಬೇಡ. ನಂದು ತಪ್ಪಾಯ್ತು.”

ಹುಡುಗಿ ತಲೆಯಾಡಿಸಿದಳು. ಆದರೆ ಮಲಗುವವರೆಗೂ ಚಪ್ಪಲಿ ಬಿಚ್ಚಲಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಬೆಚ್ಚುವ ಮಗು ನಿಮ್ಮ ಮನೆಯಲ್ಲೂ ಇರಬಹುದು. ಅದನ್ನು ಗಟ್ಟಿ ಮಾಡುತ್ತೇನೆಂದು ಹೊರಡಬೇಡಿ. ಆ ಮಗು ದೊಡ್ಡದಾಗುತ್ತದೆ, ಮುದಿಯೂ ಆಗುತ್ತದೆ, ಆ ಸ್ವಭಾವ ಬಹುಪಾಲು ಜೊತೆಗೇ ಇರುತ್ತದೆ. ಅದರೊಂದಿಗೆ ನೆಮ್ಮದಿಯಾಗಿ ಬದುಕುವುದನ್ನು ಕಲಿಸುತ್ತೀರೋ, ಬಾಯಿಗೆ ಬಟ್ಟೆ ತುರುಕಿಕೊಳ್ಳುವುದನ್ನು ಕಲಿಸುತ್ತೀರೋ, ಅದಷ್ಟೇ ನಿಮ್ಮ ಕೈಯಲ್ಲಿರುವುದು. ಮಗು ಊಟ, ನಿದ್ದೆ, ಮಾತು ಬಿಟ್ಟರೆ, ತನ್ನನ್ನು ತಾನೇ ನೋಯಿಸಿಕೊಂಡರೆ, ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇವತ್ತು ಮಗುವನ್ನು ಪಕ್ಕಕ್ಕೆ ಕರೆದು, ಏನು ಜಾಸ್ತಿಯಾಗುತ್ತಿದೆ ಎಂದು ಕೇಳಿ. ಅದು ಉತ್ತರ ಹೇಳುವಾಗ ನಗಬೇಡಿ.