ಮೇಸ್ತ್ರಿಗಳ ಮೆಲುದನಿ

"ದೀಪ ಹತ್ತಲಿಲ್ಲ, ನೋಡಿದ್ಯಾ?" ಎಂದು ಮೇಸ್ತ್ರಿಗಳು ಕೂಗಿದರು.

"ಹತ್ತಲಿಲ್ಲ, ಹತ್ತಲಿಲ್ಲ," ಎಂದು ಮೇಜಿನಾಚೆ ಕೂತಿದ್ದ ಗೆಳೆಯ ಅದಕ್ಕಿಂತ ಜೋರಾಗಿ ಕೂಗಿದ. ಮೇಸ್ತ್ರಿಗಳ ಹೆಂಡತಿ ಅಡುಗೆಮನೆಯಿಂದ ಬಂದು, ಇಬ್ಬರನ್ನೂ ದುರುಗುಟ್ಟಿ ನೋಡಿ, ಬೀದಿ ಕಡೆಯ ಕಿಟಕಿ ಮುಚ್ಚಿ ಹೋದಳು.

ಇಬ್ಬರೂ ಅರ್ಧ ಆಯುಸ್ಸನ್ನು ಮಗ್ಗದ ಕಾರ್ಖಾನೆಯಲ್ಲಿ ಕಳೆದವರು. ಅಲ್ಲಿ ಯಂತ್ರಗಳ ಗಡಗಡದ ನಡುವೆ ಒಂದು ಮಾತು ಆಡಬೇಕಾದರೂ ಗಂಟಲು ಹರಿದುಕೊಳ್ಳಬೇಕು. ನಿವೃತ್ತಿಯಾದ ಮೇಲೆ ಕೆಲಸ ಬಿಟ್ಟಿತು, ಗಂಟಲು ಬಿಡಲಿಲ್ಲ. ಇಷ್ಟು ದಿನ ಅದರಿಂದ ಯಾರಿಗೂ ಅಂಥ ನಷ್ಟವೇನೂ ಆಗಿರಲಿಲ್ಲ. ಈಗ ಮಹಡಿಯ ಮೇಲಿರುವ ಮಗಳಿಗೆ ಹೆಣ್ಣುಮಗು ಹುಟ್ಟಿತ್ತು. ತಾತ "ಪುಟ್ಟೀ" ಎಂದರೆ ಸಾಕು, ಬೆಚ್ಚಿಬಿದ್ದು ಅತ್ತು ಮನೆಯೆಲ್ಲ ಒಂದು ಮಾಡುತ್ತಿತ್ತು. "ಮೆಲ್ಲಗೆ ಮಾತಾಡೋದು ಕಲಿ ಅಪ್ಪ, ಆಮೇಲೆ ಎತ್ಕೊಳ್ಳುವಂತೆ," ಎಂದು ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಮೊಮ್ಮಗಳನ್ನು ಬಾಗಿಲಾಚೆಯಿಂದ ನೋಡಬೇಕಾಗಿ ಬಂದದ್ದು ಮೇಸ್ತ್ರಿಗಳ ಹೊಟ್ಟೆ ಉರಿಸುತ್ತಿತ್ತು.

ಕಿವಿಯ ಸುದ್ದಿ ಎತ್ತಿದರೆ ಮಾತ್ರ ಅವರಿಗೆ ಮೂಗಿನ ತುದಿಯಲ್ಲೇ ಕೋಪ. "ನನ್ನ ಕಿವಿ ಸರಿಯಾಗೇ ಇದೆ. ನೀವೇ ಬಾಯೊಳಗೆ ಮಾತಾಡ್ತೀರಿ." ಗಂಟಲಿನ ತಪ್ಪನ್ನಷ್ಟೇ ಒಪ್ಪಿಕೊಂಡು ಅದಕ್ಕೊಂದು ಕಡಿವಾಣ ಹಾಕಲು ಹೊರಟಿದ್ದರು. ಕೈಕೆಲಸದಲ್ಲಿ ಅವರದು ಎತ್ತಿದ ಕೈ. ಫೋನಿನಲ್ಲಿ ವಿಡಿಯೊ ನೋಡಿ ನೋಡಿ, ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡಿಗೆ ಸದ್ದು ಹಿಡಿಯುವ ಸೆನ್ಸರ್ ಜೋಡಿಸಿದ್ದರು. ಅಂಗಿಯ ಗುಂಡಿಯಷ್ಟು ಮೈಕು, ಪಕ್ಕದಲ್ಲೊಂದು ನೀಲಿ ಡಬ್ಬಿ, ಅದರ ತಲೆಯ ಮೇಲೆ ಹಿತ್ತಾಳೆಯ ತಿರುಪು. ಮಾತು ಮಿತಿ ಮೀರಿದರೆ ಕೆಂಪು ದೀಪ. ಮಿತಿ ಯಾವುದೆಂದು ತಿರುಪು ಹೇಳಬೇಕು; ತಿರುಪಿಗೆ ಹೇಳುವವರು ಯಾರು? ಅದಕ್ಕೇ ಗೆಳೆಯನನ್ನು ಕರೆಸಿದ್ದರು. ಇಬ್ಬರೂ ತಮಗೆ ಪಿಸುಮಾತೆನಿಸಿದ್ದನ್ನು ಆಡುತ್ತ, ದೀಪ ಆರುವವರೆಗೆ ತಿರುಪು ತಿರುಗಿಸಿದ್ದರು.

ಮರುದಿನ ಅದನ್ನು ಮಗಳ ಮುಂದಿಟ್ಟು, "ನೋಡಮ್ಮ, ಹೇಗೆ ಮಾತಾಡ್ತಿದ್ದೀನಿ," ಎಂದರು. ದೀಪ ಮಿಸುಕಲಿಲ್ಲ. ಒಳಗೆ ಮಗು ಚೀರಿತು, ಕೆಳಗೆ ಬೀದಿಯಲ್ಲಿ ನಾಯಿ ಬೊಗಳಿತು. ಮಗಳು ಅವರ ಕೈಯಿಂದ ತಿರುಪುಳಿ ಕಿತ್ತುಕೊಂಡು ತಿರುಪನ್ನು ಹಿಂದಕ್ಕೆ ತಿರುಗಿಸುತ್ತಲೇ ಹೋದಳು.

"ಈಗ ಮಾತಾಡು."

ಮೇಸ್ತ್ರಿಗಳು ಬಾಯಿ ತೆರೆದದ್ದೇ ತಡ, ದೀಪ ಕೆಂಪಗಾಯಿತು.

ಅಂದಿನಿಂದ ಕೆಮ್ಮಿದರೆ ದೀಪ, ನೀರು ಕೇಳಿದರೆ ದೀಪ. ಹೆಂಡತಿ ಸೌಟು ಕೆಳಗಿಟ್ಟ ಸದ್ದಿಗೆ ದೀಪ ಹತ್ತಿದರೂ ಮೇಸ್ತ್ರಿಗಳು ತಪ್ಪಿತಸ್ಥರಂತೆ ತುಟಿ ಬಿಗಿಯುತ್ತಿದ್ದರು. ಕೊನೆಗೆ ದೀಪ ಒಪ್ಪುವಂಥ ಒಂದು ದನಿ ಸಿಕ್ಕಿತು. ಅದು ಅವರಿಗೇ ಕೇಳಿಸುತ್ತಿರಲಿಲ್ಲ.

"ಹೀಗೆ ಮಾತಾಡಿದ್ರೆ ಯಾರಿಗೆ ಕೇಳಿಸುತ್ತೆ?"

"ನಮಗೆಲ್ಲ ಕೇಳಿಸುತ್ತೆ," ಎಂದಳು ಹೆಂಡತಿ.

ಮಗಳು ಕಡೆಗೂ ಮನಸ್ಸು ಮಾಡಿದಳು. ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ ದೀಪವನ್ನಿಡಿಸಿ, "ಮಲಗಿದೆ, ನೋಡ್ಕೊಂಡಿರು," ಎಂದು ಸ್ನಾನಕ್ಕೆ ಹೋದಳು. ಮೇಸ್ತ್ರಿಗಳು ಉಸಿರು ಬಿಗಿಹಿಡಿದು ಕೂತು, ದೀಪದ ಸಡಿಲವಾಗಿದ್ದ ತಂತಿಯೊಂದನ್ನು ಸರಿಪಡಿಸತೊಡಗಿದರು. ಎಲ್ಲೋ ದೂರದಲ್ಲಿ ನಲ್ಲಿ ಕಿರ್‌ಗುಟ್ಟುತ್ತಿತ್ತು. ನಾಳೆ ಅದನ್ನೊಂದು ನೋಡಬೇಕು ಎಂದುಕೊಂಡರು. ತಂತಿ ಕೂಡಿದ್ದೇ ತಡ, ದೀಪ ಹತ್ತಿತು.

ಗಾಬರಿಯಿಂದ ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು. ಮುಚ್ಚಿಯೇ ಇತ್ತು.

ತೊಟ್ಟಿಲೊಳಗೆ ಇಣುಕಿದರೆ, ಮಗುವಿನ ಬಾಯಿ ಅಗಲವಾಗಿ ತೆರೆದಿತ್ತು. ಮುಖ ಕೆಂಪಾಗಿ, ಕಣ್ಣೀರು ಕೆನ್ನೆಯಿಂದ ಇಳಿದು ದಿಂಬು ಒದ್ದೆಯಾಗಿತ್ತು. ಮೇಸ್ತ್ರಿಗಳು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಕಲಿತ ದನಿಯಲ್ಲಿ "ಪುಟ್ಟೀ, ಪುಟ್ಟೀ" ಎಂದರು. ಬಿಕ್ಕಳಿಕೆ ತಗ್ಗಿತು, ದೀಪ ಆರಿತು.

ಮಗಳು ಒದ್ದೆ ತಲೆಯಲ್ಲೇ ಓಡಿ ಬಂದಳು. "ಆಗಿಂದ ಅಳ್ತಾ ಇದೆಯಲ್ಲಪ್ಪ, ಇಲ್ಲೇ ಕೂತಿದ್ದೀಯ."

"ನಂಗೆ ಕೇಳಿಸ್ಲಿಲ್ಲ ಕಣಮ್ಮ," ಎಂದರು ಮೇಸ್ತ್ರಿಗಳು.

"ಏನಂದೆ? ಸ್ವಲ್ಪ ಜೋರಾಗಿ ಹೇಳಪ್ಪ."

ಮಗುವಿನ ಮುಷ್ಟಿಗೆ ಮೇಸ್ತ್ರಿಗಳ ಕಿವಿ ಸಿಕ್ಕಿತ್ತು. ಬಿಡಿಸಿಕೊಳ್ಳದೆ ಹಾಗೇ ನಿಂತಿದ್ದರು.